ಮೂರು ಇಪ್ಪತ್ತರ ಬಸ್ಸು

ಕರುಣಾಕರಣ್ಣ ತೀರಿಕೊಂಡು ಇವತ್ತಿಗೆ ಐದು ವಾರ. ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಅವರು ಖಾಸಗಿ ಬಸ್ಸುಗಳ ಟೈಮ್‌ಕೀಪರ್ ಆಗಿದ್ದರು. ಯಾವ ಬಸ್ಸು ಯಾವ ನಿಮಿಷಕ್ಕೆ ಹೊರಡಬೇಕೋ ಆ ನಿಮಿಷಕ್ಕೆ ಅವರ ವಿಸಿಲ್ ಕೇಳುತ್ತಿತ್ತು. ಹೊರಡದ ಡ್ರೈವರನ ಬಾಗಿಲು ಬಡಿದು, "ಎಂತ, ಇಲ್ಲೇ ಮನೆ ಕಟ್ಟುವ ಅಂದಾಜು ಉಂಟಾ?" ಎನ್ನುತ್ತಿದ್ದರು. ನಾನು ಬಾಗಲಕೋಟೆ ಕಡೆಯವನು, ಬೆಳ್ಮಣ್ಣಿನ ಶಾಲೆಯಲ್ಲಿ ಮೇಷ್ಟ್ರು. ಹದಿನೆಂಟು ವರ್ಷ ದಿನಕ್ಕೆರಡು ಸಲ ಅವರ ಬಾಯಿಗೆ ಬಿದ್ದಿದ್ದೇನೆ.

ಪ್ರತಿ ವರ್ಷ ಬಸ್ಸಿನವರು ಕೊಡಚಾದ್ರಿಗೆ ಹೋಗುವಾಗ ವೇಳಾಪಟ್ಟಿ ಬರೆದುಕೊಡುತ್ತಿದ್ದದ್ದು ಅವರೇ. ತಾವು ಒಮ್ಮೆಯೂ ಹೋದವರಲ್ಲ. ಹೋದ ಮಳೆಗಾಲದಲ್ಲಿ ಎದೆನೋವು ಬಂದು ಮಣಿಪಾಲದಲ್ಲಿ ಸ್ಟೆಂಟ್ ಹಾಕಿಸಿಕೊಂಡರು. ಬೆಟ್ಟದ ತುದಿಯ ಸರ್ವಜ್ಞ ಪೀಠದ ಎದುರು ನನ್ನ ಕಾಲ ಮೇಲೆ ನಿಲ್ಲುತ್ತೇನೆ ಎಂದು ಆಸ್ಪತ್ರೆಯ ಮಂಚದಲ್ಲೇ ಹರಕೆ ಹೇಳಿಕೊಂಡರಂತೆ. ಮೂಲ ಮೂಕಾಂಬಿಕೆಯ ಗುಡಿಯವರೆಗೆ ಬೇಕಾದರೆ ಜೀಪಿನಲ್ಲಿ ಹೋಗಿ, ಅಲ್ಲಿಂದ ಮೇಲೆ ಹತ್ತುವುದು ಮಾತ್ರ ಬೇಡವೇ ಬೇಡ ಎಂದರು ಡಾಕ್ಟರು. ಇವರ ಹರಕೆ ಇದ್ದದ್ದು ಆ ಕೊನೆಯ ಏರಿನ ಮೇಲೆಯೇ.

ಡಿಸೆಂಬರಿನ ಒಂದು ಭಾನುವಾರ ನನ್ನನ್ನು ಜೊತೆ ಮಾಡಿಕೊಂಡು ಹೊರಡುವುದೆಂದು ನಿಶ್ಚಯಿಸಿದರು. ಅದಕ್ಕೆ ಮೊದಲಿನ ಒಂದು ಮಧ್ಯಾಹ್ನ ಅವರ ಹೆಂಡತಿ ಮೋಹಿನಿಯಕ್ಕ ಶಾಲೆಗೆ ಫೋನ್ ಮಾಡಿದರು.

"ಮಾಷ್ಟ್ರೇ, ಅವರನ್ನು ನಿಲ್ಲಿಸ್ಲಿಕ್ಕೆ ಆಗುದಿಲ್ಲ. ಅರ್ಧ ದಾರಿಯಿಂದ ತಿರುಗಿಸ್ಲಿಕ್ಕೆ ಆಗ್ತದಾ?"

"ಹ್ಯಾಂಗ್ರೀ ಅಕ್ಕಾ?"

"ಬಸ್ಸು ಇಲ್ಲ ಅಂತ ಹೇಳಿ. ಬಸ್ಸು ಅಂದ್ರೆ ಮಾತ್ರ ಅವರು ಕೇಳುದು."

ಕೊಲ್ಲೂರಿನಿಂದ ನಮಗೆ ಕೊನೆಯ ಬಸ್ಸು ಐದು ಹತ್ತಕ್ಕೆ. ಭಾನುವಾರ ಅದು ಇಲ್ಲ, ಮೂರು ಇಪ್ಪತ್ತೇ ಕೊನೆ ಎಂದು ನಾನು ಹೇಳಬೇಕು. ಮೂರು ಇಪ್ಪತ್ತಕ್ಕೆ ಅಲ್ಲಿ ಬಸ್ಸೇ ಇರಲಿಲ್ಲ. ಬಸ್ಸಿನ ಟೈಮಿನ ಸುಳ್ಳು, ಅದೂ ಟೈಮ್‌ಕೀಪರಿಗೆ! ಸಂಜೆ ಹೋಗಿ ಅವರ ಬೆಂಚಿನ ಮೇಲೆ ಕುಳಿತೆ.

ಅವರು ಪಟ್ಟಿ ಬರೆಯುತ್ತಿದ್ದರು. ಹನ್ನೊಂದೂಕಾಲಕ್ಕೆ ಗುಡಿ ಬಿಡುವುದು, ಮೆಲ್ಲ ಹತ್ತಿ ಹನ್ನೆರಡೂವರೆಗೆ ಪೀಠ. ನಾನು ಮೂರು ಇಪ್ಪತ್ತರ ಮಾತು ಹೇಳಿದೆ.

ಪೆನ್ನು ನಿಂತಿತು.

"ಯಾರು ಹೇಳಿದ್ದು?"

"ನಮ್ಮ ಶಾಲೆಯ ರೇಚಲ್ ಟೀಚರ್ರು. ಮೊನ್ನೆ ಹೋಗಿದ್ರಂತ."

ಅವರು ಫೋನ್ ಕೈಗೆತ್ತಿಕೊಂಡರು. ಆ ದಾರಿಯ ಕಂಡಕ್ಟರುಗಳೆಲ್ಲರ ನಂಬರ್ ಅದರಲ್ಲಿತ್ತು. ಒಂದು ಕರೆ ಸಾಕು. ಒಂದಿಷ್ಟು ಹೊತ್ತು ಅದನ್ನು ನೋಡುತ್ತ ಕುಳಿತು ಮತ್ತೆ ಜೇಬಿಗೆ ಹಾಕಿದರು. ಹನ್ನೆರಡೂವರೆಯನ್ನು ಹೊಡೆದುಹಾಕಿ ಬರೆದರು: 'ಹನ್ನೆರಡಕ್ಕೆ ಎಲ್ಲಿದ್ದೇವೋ ಅಲ್ಲಿಂದ ವಾಪಸ್.'

"ಒಂದು ನಿಮಿಷ ಆಚೀಚೆ ಇಲ್ಲ. ನಿಮ್ಮ ಬಾಗಲಕೋಟೆ ಟೈಮ್ ಅಲ್ಲಿ ನಡೆಯುದಿಲ್ಲ ಮಾರಾಯ್ರೆ," ಎಂದರು.

ಆ ಭಾನುವಾರ ಜೀಪಿನ ಕುಲುಕಾಟಕ್ಕೇ ಅವರ ಮುಖ ಬಾಡಿತ್ತು. ಗುಡಿಯಲ್ಲಿ ಕೈಮುಗಿದು, ಪಟ್ಟಿಯ ಹೊತ್ತಿಗೆ ಸರಿಯಾಗಿ ಹೊರಟೆವು. ಹತ್ತು ಹೆಜ್ಜೆ, ಒಂದು ನಿಲುಗಡೆ. ನಾಲಿಗೆಯ ಅಡಿಗೆ ಇಡುವ ಮಾತ್ರೆ ನನ್ನ ಅಂಗಿಯ ಜೇಬಿನಲ್ಲಿತ್ತು. ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅವರ ಉಸಿರು ನನಗೆ ಎರಡು ಮಾರು ದೂರದಿಂದ ಕೇಳುತ್ತಿತ್ತು. ಒಂದು ತಿರುವಿನಲ್ಲಿ ಅವರು ಬಂಡೆಗೆ ಕೈ ಕೊಟ್ಟು ನಿಂತರು. ತುಟಿ ಕಪ್ಪಿಟ್ಟಿತ್ತು.

"ಮಾತ್ರೆ ಕೊಡ್ಲೇನು?"

"ಸುಮ್ಮನಿರಿ. ಅಲ್ಲಿ ನೋಡಿ."

ಮೇಲೆ, ಹುಲ್ಲಿನ ಏರಿನ ಆಚೆ, ಪೀಠದ ಕಲ್ಲುಗುಡಿ ಕಾಣುತ್ತಿತ್ತು. ಅದರ ಸುತ್ತ ತಿರುಗುತ್ತಿದ್ದವರ ಬಟ್ಟೆಯ ಬಣ್ಣವೂ ಕಾಣುತ್ತಿತ್ತು. ಕರುಣಾಕರಣ್ಣನ ನಡಿಗೆಯಲ್ಲಿ ಇನ್ನು ಇಪ್ಪತ್ತೈದು ನಿಮಿಷ ಇರಬಹುದು. ಗಡಿಯಾರ ನೋಡಿದರು. ನಾನೂ ನೋಡಿದೆ. ಹನ್ನೆರಡು.

ಐದು ಹತ್ತರ ಬಸ್ಸು ಇದೆ ಎಂದು ಆಗ ನಾನು ಹೇಳಬಹುದಿತ್ತು. ಅವರ ತುಟಿಯ ಬಣ್ಣ ನೋಡಿ ಆ ಮಾತು ನುಂಗಿಕೊಂಡೆ. ಕರುಣಾಕರಣ್ಣ ಚಪ್ಪಲಿ ಕಳಚಿ, ಅಲ್ಲಿಂದಲೇ ಕೈಮುಗಿದು, ಮತ್ತೆ ಚಪ್ಪಲಿ ಮೆಟ್ಟಿಕೊಂಡರು.

"ಟೈಮಾಯ್ತು. ಬಿಡುವ."

ಮೂರಕ್ಕೆ ಐದು ನಿಮಿಷವಿರುವಾಗ ಕೊಲ್ಲೂರಿನಲ್ಲಿದ್ದೆವು. ಚಹಾ ಕುಡಿದೆವು. ಮೂರು ಇಪ್ಪತ್ತಾಯಿತು. ಮೂರೂವರೆಯೂ ಆಯಿತು.

"ನಿಮ್ಮ ಬಸ್ಸು ಲೇಟ್ ಉಂಟಲ್ವಾ ಮಾಷ್ಟ್ರೇ," ಎಂದರು ರಸ್ತೆಯನ್ನೇ ನೋಡುತ್ತ.

ನಾನು ತಲೆ ಎತ್ತಲಿಲ್ಲ. "ನಿಮಗ ಗೊತ್ತಿತ್ತು."

"ನನಗೆ ಬಸ್ಸು ಗೊತ್ತಿಲ್ವಾ? ಯಾರ ಹತ್ರ ಮಾತಾಡ್ತಾ ಇದ್ದೀರಿ ನೀವು?"

"ಮತ್ತ ಯಾಕ ತಿರುಗಿದ್ರಿ? ಪೀಠ ಕಾಣ್ತಿತ್ತಲ್ಲ!"

ಅವರು ಗ್ಲಾಸಿನ ತಳದ ಚಹಾ ಅಲ್ಲಾಡಿಸಿದರು. "ಮದುವೆ ಆಗಿ ಇಪ್ಪತ್ತಾರು ವರ್ಷ. ಮೋಹಿನಿ ನನ್ನ ಹತ್ರ ಒಂದು ಸುಳ್ಳು ಹೇಳಿದವಳಲ್ಲ. ಈಗ ಬೇರೆಯವರ ಬಾಯಲ್ಲಿ ಹೇಳಿಸಿದ್ಳು. ಎಷ್ಟು ಹೆದರಿರ್ಬೇಕು ಹೇಳಿ." ಗ್ಲಾಸ್ ಕೆಳಗಿಟ್ಟು, "ಸುಳ್ಳು ಹೇಳ್ಲಿಕ್ಕೂ ಒಬ್ಬ ಸರಿಯಾದ ಜನ ಸಿಗ್ಲಿಲ್ಲ ಅವಳಿಗೆ. ನಿಮ್ಮ ಕಿವಿ ಅವತ್ತು ಕೆಂಪಾಗಿತ್ತು," ಎಂದು ನಕ್ಕರು.

ಐದು ಹತ್ತರ ಬಸ್ಸು ಐದು ಹತ್ತಕ್ಕೇ ಬಂತು.

ಮಾರ್ಚಿನ ಒಂದು ಬೆಳಿಗ್ಗೆ, ಬೆಳ್ಮಣ್ ಬಸ್ಸಿಗೆ ವಿಸಿಲ್ ಊದಿ ಬೆಂಚಿಗೆ ಬಂದು ಕುಳಿತವರು ಮತ್ತೆ ಏಳಲಿಲ್ಲ. ನಾನು ಆ ಬಸ್ಸಿನಲ್ಲೇ ಇದ್ದೆ. ಕಿಟಕಿಯಿಂದ ಕೈ ಎತ್ತಿದ್ದೆ. ಹೇಗೂ ಹೋಗುವವರಿದ್ದರು ಎಂದಾದರೆ ಆ ಇಪ್ಪತ್ತೈದು ನಿಮಿಷ ಕೊಡಬಹುದಿತ್ತಲ್ಲ ಎಂದು ಆವತ್ತಿನಿಂದ ಅನಿಸುತ್ತಲೇ ಇದೆ.

ಉತ್ತರಕ್ರಿಯೆಯ ದಿನ ಬೊಜ್ಜದ ಊಟ ಮುಗಿದ ಮೇಲೆ ಇದನ್ನು ಮೋಹಿನಿಯಕ್ಕನಿಗೆ ಹೇಳಿಬಿಟ್ಟೆ. ಅವರು ಬಾಳೆಲೆ ಮಡಚುತ್ತಿದ್ದವರು ಕೈ ನಿಲ್ಲಿಸಿದರು.

"ಆವತ್ತು ಮನೆಗೆ ಬಂದವರು ಎಂತ ಹೇಳಿದ್ದು ಗೊತ್ತುಂಟಾ ಮಾಷ್ಟ್ರೇ? ಮೂರು ಇಪ್ಪತ್ತರ ಬಸ್ಸು ದಾರಿಯಲ್ಲಿ ಪಂಕ್ಚರ್ ಆಯ್ತು, ಹಾಗೆ ತಡ ಆಯ್ತು ಅಂತ."

"ನೀವೇನಂದ್ರಿ?"

"ಹೌದಾ ಅಂದೆ. ಅನ್ನ ಬಡಿಸಿದೆ."