ಕುಂಬ್ಡಾಜೆಯಲ್ಲಿ ಕೇಳಿದ ಒಪ್ಪಿಗೆ

ಬೆಳಿಗ್ಗೆ ಎಂಟಕ್ಕೆ ನಾನು ಉಪ್ಪಳದಲ್ಲಿ ಬಸ್ ಹತ್ತಿದಾಗ, ಹೊಸಂಗಡಿಯಲ್ಲೇ ಹತ್ತಿದ್ದ ಸಫಿಯಾ ಕಿಟಕಿ ಬದಿಯ ಸೀಟಿನಲ್ಲಿ ಕುಳಿತಿದ್ದಳು. ಈಚೆಗೆ ಒಳ್ಳೆಯ ಸೀಟುಗಳೆಲ್ಲ ಅವಳಿಗೇ ಸಿಗುತ್ತಿದ್ದವು.

ಅಂತಾರಾಷ್ಟ್ರೀಯ ಆರೋಗ್ಯ ಸಂಶೋಧನೆಯ ನೀತಿಶಾಸ್ತ್ರದಲ್ಲಿ ಸ್ನಾತಕೋತ್ತರ ತರಬೇತಿಗೆ ನಾವಿಬ್ಬರೂ ಅರ್ಜಿ ಹಾಕಿದ್ದೆವು. ಅವಳು ಆಯ್ಕೆಯಾದಳು, ಕಾಯುವವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಒಂದೇ ಒಂದು ಸಲವೂ ನನ್ನನ್ನು ಸೋಲಿಸದವಳಲ್ಲಿ ಸಂದರ್ಶನದವರು ಏನು ಕಂಡರು? ಅವಳಿಗೆ ಇನ್ನೊಂದೇ ಕೆಲಸ ಬಾಕಿಯಿತ್ತು: ರಬ್ಬರ್ ಮರ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಕೆಲಸದವರ ಉಸಿರಾಟದ ಕುರಿತ ಅಧ್ಯಯನವನ್ನು ಒಬ್ಬರಿಗೆ ವಿವರಿಸಿ, ಸೇರಲು ಒಪ್ಪಿಗೆ ಕೇಳಿ, ನಡೆದದ್ದನ್ನು ಬರೆದು ಅಂದೇ ಸಂಜೆ ಆರರೊಳಗೆ ಕಳುಹಿಸುವುದು. ತಪ್ಪಿದರೆ ಅವಳ ಜಾಗ ನನಗೆ.

"ನಿಂಗೆ ಕುಂಬ್ಡಾಜೆಯಲ್ಲಿ ಪರಿಚಯ ಉಂಟಲ್ಲ, ಬಾ ಮಾರಾಯ್ತಿ" ಎಂದು ಕರೆದಿದ್ದಳು. ಅವಳು ಎಡವುವುದನ್ನು ಹತ್ತಿರದಿಂದ ನೋಡುವ ಆಸೆಯೂ ನನಗಿತ್ತು, ಸುಳ್ಳೇಕೆ?

ಕುಂಬಳೆಯಲ್ಲಿ ಬಸ್ ಬದಲಿಸಿ, ಬದಿಯಡ್ಕದಲ್ಲಿ ಪರೋಟ ತಿಂದು, ಆಟೋದಲ್ಲಿ ಕುಂಬ್ಡಾಜೆಯ ಏರು ಹತ್ತಿದೆವು. ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಟ್ಯಾಪಿಂಗ್ ಕೆಲಸದ ಕಮಲಕ್ಕ ನನ್ನ ಅಮ್ಮನ ಹಳೆಯ ಗೆಳತಿ; ಅಂಗಳದಲ್ಲಿ ರಬ್ಬರ್ ಶೀಟ್ ಒಣಹಾಕುತ್ತಿದ್ದರು. ಬೆಲ್ಲ, ನೀರು ಬಂತು. ಸಫಿಯಾ ನಿಧಾನವಾಗಿ ವಿವರಿಸಿದಳು: ಉಸಿರಿನ ಪರೀಕ್ಷೆ, ನಡುವೆ ಒಮ್ಮೆ ರಕ್ತ ತೆಗೆಯುವುದು, ಬೇಡವೆನ್ನುವ ಹಕ್ಕು.

"ರಕ್ತ ಎಲ್ಲ ನನಗೆ ಆಗ್ಲಿಕ್ಕಿಲ್ಲ ಮಗಾ" ಎಂದರು ಕಮಲಕ್ಕ.

"ಆಯ್ತಕ್ಕ" ಎಂದು ಸಫಿಯಾ ಕಾಗದ ಮಡಚತೊಡಗಿದಳು. ಇಷ್ಟಕ್ಕೇ? ನನಗೆ ತಡೆಯಲಾಗಲಿಲ್ಲ. ಸೂಜಿ ಇರುವೆ ಕಚ್ಚಿದಷ್ಟೇ, ಕೆಮ್ಮುವವರು ನೀವು, ನಾಳೆ ಇದೇ ಕೆಲಸಕ್ಕೆ ಹೋಗುವವಳು ನಿಮ್ಮ ಸೊಸೆ ಎಂದೆಲ್ಲ ಹೇಳಿ ಅವರ ಒಂದೊಂದು ಅಡ್ಡಿಯನ್ನೂ ಕೆಡವಿದೆ. ಹತ್ತು ನಿಮಿಷ ಸಾಕಾಯಿತು.

"ಮನೆಗೆ ಬಂದವಳು ನೀನು. ಇಷ್ಟು ಹೇಳಿದ ಮೇಲೆ ಇಲ್ಲ ಹೇಳ್ಲಿಕ್ಕೆ ಆಗ್ತದಾ? ಎಲ್ಲಿ ಸೈನು?"

ಗೆದ್ದ ಮುಖದಲ್ಲಿ ಸಫಿಯಾಳತ್ತ ತಿರುಗಿದೆ. ಅವಳು ಪೆನ್ನು ಕೊಡಲಿಲ್ಲ. "ಬೇಡಕ್ಕ. ನೀವು ಮೊದಲೇ ಆಗುದಿಲ್ಲ ಹೇಳಿದ್ರಲ್ಲ, ಅದೇ ಸಾಕು."

"ಅಬ್ಬ! ಬದುಕಿದೆ. ಇನ್ನು ಊಟ ಮಾಡದೆ ಕಳಿಸುದಿಲ್ಲ" ಎಂದು ಕಮಲಕ್ಕ ನಕ್ಕರು. ಸಂದರ್ಶನದವರಿಗೆ ಕಂಡದ್ದು ನನಗೂ ಕಂಡಿತು. ಹೊಟ್ಟೆ ಮತ್ತಷ್ಟು ಉರಿಯಿತು.

ಕುಂಬಳೆಯಿಂದ ಮರಳುವ ಬಸ್ಸಿನಲ್ಲಿ ಸಫಿಯಾ ಫೋನಿನಲ್ಲಿ ಬರೆಯತೊಡಗಿ ಕೈ ತಡೆದಳು. ಗಂಟೆ ನಾಲ್ಕೂವರೆ.

"ನೀನು ಅವರನ್ನು ಒತ್ತಾಯ ಮಾಡಿದ್ದನ್ನೂ ಬರೀಬೇಕಾಗ್ತದೆ. ಹೆಸರು ಹಾಕುದಿಲ್ಲ. ಆದ್ರೂ ನೀನೇ ಅಂತ ಸಂದರ್ಶನದವರಿಗೆ ಗೊತ್ತಾಗ್ಲಿಕ್ಕೂ ಸಾಕು. ಬರೀಲಾ?"

"ಬೇಡ ಅಂದ್ರೆ?"

"ಬರಿಯುದಿಲ್ಲ."

"ಮತ್ತೆ ಎಂತ ಕಳಿಸ್ತಿ?"

"ಕಳಿಸುದಿಲ್ಲ. ಅರ್ಧ ಬರೆದ್ರೆ ಸುಳ್ಳಾಗ್ತದೆ."

ಅಷ್ಟು ಹೇಳಿ ಅವಳು ಹೊರಗೆ ನೋಡುತ್ತ ಕುಳಿತಳು. ತನ್ನ ಮುಖ ಕಂಡು ನಾನು ಹೂಂಗುಟ್ಟಬಾರದೆಂದು. ಒಂದೇ ಒಂದು ವಾದ ಹೂಡಿದ್ದರೆ ಮುರಿದು ಕೈಗೆ ಕೊಡುತ್ತಿದ್ದೆ. ಹೂಡಲಿಲ್ಲ. ಬಂದ್ಯೋಡು ದಾಟಿತು.

"ಬರಿ" ಎಂದೆ. "ಹೆಸರೂ ಹಾಕು."

ಉಪ್ಪಳದಲ್ಲಿ ಇಳಿದು ತಿರುಗಿ ನೋಡಿದೆ. ಬಸ್ಸಿನ ಕಿಟಕಿಯಲ್ಲಿ ಸಫಿಯಾ ತಲೆ ತಗ್ಗಿಸಿ ಬರೆಯುತ್ತಿದ್ದಳು. ಈಗಲೂ ಆ ಜಾಗ ನನಗೇ ಬೇಕಿತ್ತು.