ಬಿಚ್ಚದ ರಟ್ಟು

ದೂಮಪ್ಪ ಅಂಕಲ್ ವಾರಕ್ಕೆ ಐದು ದಿನ ಗೋದಾಮಿನಲ್ಲಿ ಪಾರ್ಸೆಲ್ ಹೊರುತ್ತಿದ್ದರು, ಉಳಿದೆರಡು ದಿನ ಸಿಡ್ನಿಯ ಟೂಂಗಾಬಿಯ ಮನೆಯ ಗ್ಯಾರೇಜಿನಲ್ಲಿ ಪುಸ್ತಕ ಕಟ್ಟುತ್ತಿದ್ದರು. ಆ ಗ್ಯಾರೇಜಿನೊಳಗೆ ಕಾರು ನಿಂತದ್ದನ್ನು ನಾನಂತೂ ನೋಡಿಲ್ಲ. ನನ್ನ ಥೀಸಿಸ್ ಬೈಂಡ್ ಮಾಡಿಸಲು ಹೋದವಳು ಅವರ ಹಿಂದಿನ ರೂಮಿಗೆ ಬಾಡಿಗೆಗೇ ಸೇರಿಕೊಂಡೆ. ತುಮಕೂರಿನ ನನಗೆ ಅವರ ಮಂಗಳೂರು ಕನ್ನಡ ಕೇಳಿದರೆ ನಗು, ಅವರಿಗೆ ನನ್ನದು ಕೇಳಿದರೆ ನಗು. ಈಗ ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಬ್ಯಾಂಕಿನ ಕೆಲಸ ಮಾಡಿಕೊಂಡಿದ್ದೇನೆ. ಟ್ರಾಮಿನಲ್ಲಿ ಯಾರಾದರೂ ಹಳೆಯ ಪುಸ್ತಕ ಬಿಡಿಸಿದರೆ ಆ ಗ್ಯಾರೇಜಿನ ಮೈದಾ ಅಂಟಿನ ಹುಳಿ ವಾಸನೆ ನೆನಪಾಗುತ್ತದೆ.

ಅವರ ಹೆಂಡತಿ ಕುಸುಮಾವತಿ ಆಂಟಿ ನರ್ಸು. ಮನೆಗೆ ಯಾರೇ ಬರಲಿ, ಕಾಫಿ ಲೋಟ ಕೈಗಿಡುವ ಮೊದಲೇ ಗಂಡನ ಶೌರ್ಯದ ಕಥೆ ಶುರು. ಎಪ್ಪತ್ತೈದರ ಎಮರ್ಜೆನ್ಸಿಯಲ್ಲಿ ಅಂಕಲ್ ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ ಬೈಂಡರ್ ಆಗಿದ್ದರು. ಸರ್ಕಾರದ ವಿರುದ್ಧದ ಕರಪತ್ರಗಳನ್ನು ಶಾಲೆಯ ಹಾಜರಿ ಪುಸ್ತಕದ ರಟ್ಟಿನೊಳಗೆ ಅಂಟಿಸಿ, ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಭಾಸ್ಕರ ಎಂಬ ಗೆಳೆಯನ ಕೈಗೆ ಮುಟ್ಟಿಸಿದರು. ಆಮೇಲೆ ಭಾಸ್ಕರ ಸಿಕ್ಕಿಬಿದ್ದು ಜೈಲಿಗೆ ಹೋದ, ಹೊರಗೆ ಬಂದ ಮೇಲೂ ಚೇತರಿಸಿಕೊಳ್ಳದೆ ಸತ್ತ. ಆಂಟಿ ಇದನ್ನು ಹೇಳುವಾಗಲೆಲ್ಲ ಅಂಕಲ್ ಎದ್ದು ಗ್ಯಾರೇಜಿಗೆ ಹೋಗುತ್ತಿದ್ದರು. ನಾನು ಅದನ್ನು ವಿನಯ ಅಂದುಕೊಂಡಿದ್ದೆ. ನನ್ನ ಬುದ್ಧಿ ಅಷ್ಟೇ.

ಎರಡು ಸಾವಿರದ ಐದರ ಮಾರ್ಚಿನಲ್ಲಿ ಶುಶಾನ್ ಎಂಬ ಎಂಬತ್ತನಾಲ್ಕು ವರ್ಷದ ಆರ್ಮೇನಿಯನ್ ಅಜ್ಜಿ ಟ್ಯಾಕ್ಸಿಯಲ್ಲಿ ಬಂದು ಒಂದು ಪ್ರಾರ್ಥನೆಯ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಚರ್ಮ ಹರಿದಿತ್ತು, ಬೆನ್ನು ಕಳಚಿತ್ತು. ತುರ್ಕಿಯಲ್ಲಿ ಅವರ ಜನರ ಕಗ್ಗೊಲೆ ಶುರುವಾಗಿ ಏಪ್ರಿಲ್ ಇಪ್ಪತ್ತನಾಲ್ಕಕ್ಕೆ ತೊಂಬತ್ತು ವರ್ಷ. ಆ ದಿನ ರೈಡ್ ಎಂಬ ಬಡಾವಣೆಯ ಒಂದು ಹಾಲ್‌ನಲ್ಲಿ ಈ ಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವುದಿತ್ತು.

ಪುಸ್ತಕ ಅವರ ಅಪ್ಪನದು. ಅಪ್ಪ ಇರಾನಿನ ತಬ್ರೀಜ್ ಊರಿನಲ್ಲಿ ಬೈಂಡರ್. ಆಗ ಆರ್ಮೇನಿಯನ್ನರು ಮೂವರು ದೊರೆಗಳ ಕೆಳಗೆ ಹಂಚಿಹೋಗಿದ್ದರಂತೆ: ರಷ್ಯಾದ ಝಾರ್, ತುರ್ಕಿಯ ಸುಲ್ತಾನ, ಇರಾನಿನ ಶಾ. ಮೂವರಿಗೂ ಅಚ್ಚಾದ ಹಾಳೆ ಕಂಡರೆ ಆಗುತ್ತಿರಲಿಲ್ಲ. ಉಳುವವನಿಗೆ ನೆಲ ಸಿಗಬೇಕು, ದೊರೆಯನ್ನು ಪ್ರಶ್ನಿಸಬಹುದು ಎಂದು ಜಿನೀವಾದಲ್ಲಿ ಅಚ್ಚಾದ ಮಾತು ಝಾರನ ಟಿಫ್ಲಿಸ್‌ಗೆ ಬಂದು, ಶಾನ ತಬ್ರೀಜ್‌ಗೆ ಇಳಿದು, ಬೆಟ್ಟ ದಾಟಿ ಸುಲ್ತಾನನ ವಾನ್ ಪಟ್ಟಣ ಸೇರುತ್ತಿತ್ತು. ಕೇಳಿದ ತುರ್ಕರೂ ಇರಾನಿಗಳೂ ತಮ್ಮ ದೊರೆಗಳ ಬಗ್ಗೆ ಅದನ್ನೇ ಆಡಲು ಶುರುಮಾಡಿದ್ದರು. ಸಾವಿರದ ಒಂಬೈನೂರ ನಾಲ್ಕರಲ್ಲಿ ಶುಶಾನ್ ಅವರ ಅಪ್ಪ, ಇನ್ನೂ ಇಪ್ಪತ್ತೊಂದರ ಹುಡುಗ, ಇದೇ ಪುಸ್ತಕದ ರಟ್ಟಿನೊಳಗೆ ಹನ್ನೆರಡು ಹಾಳೆ ಅಂಟಿಸಿಕೊಂಡು ವಾನ್‌ಗೆ ಹೊರಟಿದ್ದರು.

"ಅಲ್ಲೊಂದು ಛತ್ರದಲ್ಲಿ ಒಬ್ಬರು ಮೇಷ್ಟರು ಕಾಯುತ್ತಿದ್ದರು," ಎಂದರು ಶುಶಾನ್ ಇಂಗ್ಲಿಷಿನಲ್ಲಿ. "ಅಪ್ಪ ಅಲ್ಲಿ ತಲುಪಿದ ದಿನವೇ ರಟ್ಟು ಬಿಚ್ಚಿ ಹಾಳೆ ಕೊಟ್ಟು, ಮತ್ತೆ ಅಂಟಿಸಿಕೊಂಡು ಹೊರಟರು. ಮೂರನೇ ದಿನ ಅದೇ ಛತ್ರದಲ್ಲಿ ಮೇಷ್ಟರು ಸಿಕ್ಕಿಬಿದ್ದರು. ಗಲ್ಲಿಗೆ ಹಾಕಿದರು."

ಕುಸುಮಾವತಿ ಆಂಟಿ ಬಿಡುತ್ತಾರೆಯೇ? ಹಾಜರಿ ಪುಸ್ತಕದ ಕಥೆಯನ್ನು ತಮ್ಮ ಇಂಗ್ಲಿಷಿನಲ್ಲಿ ಪೂರ್ತಿ ಹೇಳಿದರು. ಶುಶಾನ್ ಅವರು ಅಂಕಲ್‌ನ ಕೈ ಹಿಡಿದುಕೊಂಡು, "ಹಾಗಾದರೆ ಇದು ಸರಿಯಾದ ಕೈಗೇ ಬಂತು," ಎಂದರು. ಅಂಕಲ್ ಗ್ಯಾರೇಜಿನಲ್ಲೇ ಇದ್ದದ್ದರಿಂದ ಎದ್ದು ಹೋಗಲು ಬೇರೆ ಜಾಗ ಇರಲಿಲ್ಲ.

ಮುಂದಿನ ಶನಿವಾರ ಬೆಳಿಗ್ಗೆ ಅಂಕಲ್ ನನ್ನನ್ನು ಕರೆದರು. ಒದ್ದೆ ಬಟ್ಟೆ ಹಾಕಿ ಮೆತ್ತಗಾದ ರಟ್ಟನ್ನು ಮೂಲೆಯಿಂದ ಬಿಡಿಸಿದ್ದರು. ಒಳಗೆ ತೆಳ್ಳನೆಯ ಹಾಳೆಗಳು, ತುಂಬಾ ಸಣ್ಣ ಅಕ್ಷರ. ಹನ್ನೆರಡೂ ಇದ್ದವು.

"ಇದನ್ನು ಯಾರೂ ಬಿಚ್ಚಿದ್ದೇ ಇಲ್ಲ ಮಾರಾಯ್ತಿ," ಎಂದರು. "ಒಮ್ಮೆ ಬಿಚ್ಚಿ ಅಂಟಿಸಿದ್ರೆ ಕಾಗದದ ಮೈ ಕಿತ್ತಿರ್ತದೆ, ಎರಡು ಸಲದ ಅಂಟು ಕಾಣ್ತದೆ. ಇಲ್ಲಿ ಒಂದೇ ಅಂಟು ಉಂಟು."

"ಅಂದ್ರೆ ಅವ್ರಪ್ಪ ಕೊಟ್ಟೇ ಇಲ್ಲ."

"ಹೆದರಿರಬೇಕು."

"ಅಜ್ಜಿಗೆ ಹೇಳ್ಬಿಡಿ ಅಂಕಲ್. ಅಷ್ಟು ಜನರ ಮುಂದೆ ಸುಳ್ಳು ಡಿಸ್‌ಪ್ಲೇ ಮಾಡೋದಾ?"

"ಎಂಬತ್ತನಾಲ್ಕು ವರ್ಷ ಅವರಿಗೆ. ಅಪ್ಪನ ಹೆಸರು ಬಿಟ್ರೆ ಅವರಿಗೆ ಇರುವುದು ಎಂತ?"

"ಆ ಮೇಷ್ಟ್ರಿಗೆ ಏನಿತ್ತು?"

ಕೆನ್ನೆಗೆ ಹೊಡೆಸಿಕೊಂಡವರ ಹಾಗೆ ನನ್ನನ್ನು ನೋಡಿದರು. ಆಮೇಲೆ ಎರಡು ದಿನ ನಮ್ಮ ನಡುವೆ ಮಾತಿಲ್ಲ. ಸೋಮವಾರ ನೋಡಿದರೆ ಹನ್ನೆರಡು ಹಾಳೆಯೂ ಮತ್ತೆ ರಟ್ಟಿನೊಳಗೆ ಸೇರಿ, ಮೇಲೆ ಹೊಸ ಚರ್ಮ ಬಂದು, ಪುಸ್ತಕ ತಿರುಪು ಬಿಗಿದು ಒತ್ತುವ ಯಂತ್ರದಲ್ಲಿ ಕೂತಿತ್ತು. ನನಗೆ ಮೈ ಉರಿಯಿತು. ಹೇಡಿ ಎಂದು ಬಾಯಿಬಿಟ್ಟು ಅನ್ನಲಿಲ್ಲ, ಮುಖ ನೋಡಿದರೆ ಗೊತ್ತಾಗುವ ಹಾಗಿದ್ದೆ.

ಏಪ್ರಿಲ್ ಇಪ್ಪತ್ತನಾಲ್ಕು ಭಾನುವಾರ. ಆಂಟಿ ರೇಷ್ಮೆ ಸೀರೆ ಉಟ್ಟಿದ್ದರು, ನಾನು ಡ್ರೈವ್ ಮಾಡಿದೆ, ಅಂಕಲ್ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಹಾಲ್‌ನಲ್ಲಿ ನೂರಿನ್ನೂರು ಜನ. ಗಾಜಿನ ಪೆಟ್ಟಿಗೆಯ ಮುಂದಿನ ಕಾರ್ಡಿನಲ್ಲಿ ಅಪ್ಪನ ಹೆಸರು, ಕೆಳಗೆ 'ವಾನ್‌ಗೆ ಕರಪತ್ರ ಮುಟ್ಟಿಸಿದ ಪುಸ್ತಕ' ಎಂದಿತ್ತು.

ಶುಶಾನ್ ಮೈಕ್ ಹಿಡಿದು ಅಪ್ಪನ ಕಥೆ ಹೇಳಿದರು. ಕೊನೆಗೆ ನಮ್ಮ ಕಡೆ ಕೈ ತೋರಿಸಿ, "ಇದನ್ನು ಕಟ್ಟಿಕೊಟ್ಟವರು ಇವರು. ತಮ್ಮ ದೇಶದಲ್ಲಿ ಇವರೂ ಹೀಗೇ ರಟ್ಟಿನೊಳಗೆ ಹಾಳೆ ಇಟ್ಟು ಗೆಳೆಯನಿಗೆ ಮುಟ್ಟಿಸಿದವರು," ಎಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರು ಆಂಟಿಯದು.

ಅಂಕಲ್ ಮೈಕಿನ ಹತ್ತಿರ ಹೋದರು. ನಮಸ್ಕಾರ ಹೇಳಿ ಬರುತ್ತಾರೆ ಅಂದುಕೊಂಡೆ.

"ನಾನು ಕೊಡಲಿಲ್ಲ," ಎಂದರು, ತಡವರಿಸುವ ಇಂಗ್ಲಿಷಿನಲ್ಲಿ. "ಪಾಣೆಮಂಗಳೂರಿನ ಸೇತುವೆಯ ಹತ್ತಿರ ಪೊಲೀಸರು ಬಸ್ಸು ಹತ್ತಿದರು. ನನ್ನ ಪುಸ್ತಕವನ್ನು ಅವರು ಮುಟ್ಟಲೂ ಇಲ್ಲ. ಆದರೂ ನಾನು ಇಳಿದುಬಿಟ್ಟೆ. ಪುಸ್ತಕವನ್ನು ಹೊಳೆಗೆ ಎಸೆದು ಮನೆಗೆ ಹೋದೆ. ಭಾಸ್ಕರ ದಿನಾ ಬಸ್‌ಸ್ಟ್ಯಾಂಡಿಗೆ ಬಂದು ನನಗಾಗಿ ಕೂತ. ಕೂತಲ್ಲೇ ಅವನನ್ನು ಹಿಡಿದರು. ಕೊಟ್ಟೆ ಎಂದು ನಾನೇ ಹೆಂಡತಿಗೆ ಹೇಳಿದ್ದು. ಅವಳು ನಂಬಿದಳು, ಅಷ್ಟೇ."

ಅಂಕಲ್, ಶುಶಾನ್ ಅವರ ಅಪ್ಪನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಹೆಸರನ್ನು ಹಾಗೇ ಉಳಿಸಿ ತಮ್ಮದನ್ನು ಮಾತ್ರ ಕಳೆದುಕೊಂಡರು ಎಂದು ನನಗೆ ಆಗ ಹೊಳೆಯಿತು. ಗ್ಯಾರೇಜಿನಲ್ಲಿ ಅಷ್ಟು ಸಲೀಸಾಗಿ ನ್ಯಾಯ ಹೇಳಿದ್ದಕ್ಕೆ ನಾಚಿಕೆಯಾಯಿತು. ಆಂಟಿಯ ಎರಡು ಕೈಯೂ ಚಪ್ಪಾಳೆ ಮರೆತು ಮಡಿಲಲ್ಲಿ ಬಿದ್ದಿದ್ದವು.

ಶುಶಾನ್ ಕೇಳಿದರು: "ನಿನ್ನ ಗೆಳೆಯ ಎಷ್ಟು ದಿನ ಕಾದ?"

"ಮೂರು ದಿನ."

"ಮೂರು ದಿನ," ಎಂದು ಅವರು ಗಾಜಿನ ಪೆಟ್ಟಿಗೆಯ ಕಡೆ ತಿರುಗಿದರು. "ಮೊದಲ ದಿನವೇ ಹಾಳೆ ಸಿಕ್ಕಿದ್ದರೆ ನಮ್ಮ ಮೇಷ್ಟರು ಮೂರನೇ ದಿನದವರೆಗೆ ಛತ್ರದಲ್ಲಿ ಯಾಕೆ ಕೂತಿದ್ದರು? ನಾನು ಅಪ್ಪನನ್ನು ಇದೊಂದನ್ನು ಕೇಳಲೇ ಇಲ್ಲ."

ಅಂಕಲ್ ನೆಲ ನೋಡುತ್ತಾ ನಿಂತರು. ಅದೇ ಉತ್ತರವಾಯಿತು. ಶುಶಾನ್ ಪೆಟ್ಟಿಗೆಯ ಬಾಗಿಲು ತೆಗೆದು, ಪುಸ್ತಕವನ್ನು ಮೇಜಿನ ಮೇಲಿಟ್ಟು, "ಬಿಚ್ಚು," ಎಂದರು.

ಒಣಗಿದ ಅಂಟು ನೀರಿಲ್ಲದೆ ಬಿಡುವುದಿಲ್ಲ. ಮೂವತ್ತು ವರ್ಷದಿಂದ ಬೈಂಡರನ ಹೆಂಡತಿಯಾಗಿದ್ದ ಕುಸುಮಾವತಿ ಆಂಟಿಗೆ ಅದು ಗೊತ್ತಿತ್ತು. ಅವರು ಎದ್ದು ಹೋಗಿ ಒಂದು ಗ್ಲಾಸು ನೀರು ತಂದು, ಗಂಡನ ಮುಖ ನೋಡದೆ, ಅವರ ಕೈಗೆ ಎಟುಕುವ ಕಡೆ ಇಟ್ಟರು.