ಬಲಗಿವಿಗೆ ಕೇಳಿದ್ದು

ಇಂಥ ಕಥೆಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಚಹಾ ಮಾಡಲು ಹೋಗುವವಳು. ನಮ್ಮ ಅತ್ತಿಗೆಗೆ ಕಂಡ ಬಿಳಿ ಸೀರೆ, ಆಫೀಸಿನ ಗೆಳತಿಗೆ ಖಾಲಿ ಲಿಫ್ಟಿನಲ್ಲಿ ಕೇಳಿದ ಕೆಮ್ಮು, ಎಲ್ಲದಕ್ಕೂ ನನ್ನದು ಒಂದೇ ಉತ್ತರ: ಸರಿಯಾಗಿ ನಿದ್ದೆ ಮಾಡಿ. ಆದ್ದರಿಂದ ಈಗ ನೀವು ನನಗೂ ಅದೇ ಮಾತು ಹೇಳಿದರೆ ಬೇಸರವಿಲ್ಲ. ಆದರೆ ಅವತ್ತು ನಾನು ಚೆನ್ನಾಗಿ ನಿದ್ದೆ ಮಾಡಿದ್ದೆ. ಬೆಳಗಿನ ಹನ್ನೊಂದು ಗಂಟೆ, ಸುಡುವ ಬಿಸಿಲು ಬೇರೆ.

ಮೊದಲು ನನ್ನ ಕಿವಿಯ ವಿಷಯ ಹೇಳಿಬಿಡುತ್ತೇನೆ. ಧಾರವಾಡದಲ್ಲಿ, ಏಳನೆಯ ವಯಸ್ಸಿಗೆ, ಮಂಗಬಾವು ಬಂದು ನನ್ನ ಬಲಗಿವಿ ಪೂರ್ತಿ ಹೋಯಿತು. ಒಂದೇ ಕಿವಿ ಇರುವವರಿಗೆ ಸದ್ದು ಕೇಳುತ್ತದೆ, ಅದು ಯಾವ ಕಡೆಯಿಂದ ಬಂತು ಎಂಬುದು ಮಾತ್ರ ತಿಳಿಯುವುದಿಲ್ಲ. ಹಾರ್ನ್ ಕೇಳಿ ಬಸ್ಸಿನ ಕಡೆಗೇ ಹೆಜ್ಜೆ ಇಟ್ಟು ಬೈಸಿಕೊಂಡಿದ್ದೇನೆ. ನನ್ನ ಮಗಳಿಗಂತೂ ಇದೊಂದು ಆಟ. ಈಗ ನಾವಿರುವುದು ಮಲಯಾಳದ ನಾಡಿನಲ್ಲಿ; ಕಲೂರಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಬಾಗಿಲ ಹಿಂದೆ ಅಡಗಿ "ಅಮ್ಮೇ, ಇವಿಡೆ" ಅನ್ನುತ್ತಾಳೆ, ಇಲ್ಲಿದ್ದೇನೆ ಅಂತ. ನಾನು ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಮಲಯಾಳದಲ್ಲೇ. ನಾನು ಪ್ರತಿ ಸಲವೂ ತಪ್ಪು ಕಡೆ ತಿರುಗುತ್ತೇನೆ, ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ.

ನಾನು ಹೇಳಹೊರಟ ಆ ವರ್ಷ ಎಡಗಿವಿಯೂ ಕೈಕೊಡತೊಡಗಿತ್ತು. ಹೆಡ್‌ಫೋನ್ ಹಾಕಿಕೊಂಡು ಗಿರಾಕಿಗಳ ದೂರು ಕೇಳುವುದೇ ನನ್ನ ಕೆಲಸ. ದಿನಕ್ಕೆ ಎಷ್ಟು ಸಲ "ಇನ್ನೊಮ್ಮೆ ಹೇಳಿ" ಅನ್ನುತ್ತಿದ್ದೆನೋ ನನಗೇ ನಾಚಿಕೆಯಾಗುತ್ತಿತ್ತು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಆದರೆ ಆ "ಇವಿಡೆ" ಕೇಳದ ದಿನ ಬಂದರೆ ಏನು ಮಾಡಲಿ? ಕಿವಿಯ ವೈದ್ಯರು ತಿರುವನಂತಪುರದಲ್ಲಿದ್ದರು. ಮೊದಲು ನಾವು ಅಲ್ಲಿಯೇ ಇದ್ದುದರಿಂದ ಅವರನ್ನು ಬಿಟ್ಟಿರಲಿಲ್ಲ. ಒಂದು ಮಂಗಳವಾರಕ್ಕೆ ಪರೀಕ್ಷೆ ಗೊತ್ತಾಗಿತ್ತು.

ಮಾತಿಲ್ಲದ ಕೆಲಸ ಏನಾದರೂ ಇದ್ದರೆ ಸಾಕೆಂದು ಹುಡುಕುವಾಗ ಸಿಕ್ಕಿದ್ದು ಈ ಉತ್ಖನನ. ತ್ರಿಪ್ಪುಣಿತ್ತುರದವರೆಗೆ ಮೆಟ್ರೋ, ಆಮೇಲೆ ಒಂದು ಗಂಟೆ ಬಸ್ಸು, ಅಲ್ಲೊಂದು ತೆಂಗಿನ ತೋಟ. ಹಳೆಯ ಊರೊಂದು ಮಣ್ಣಿನಡಿ ಸೇರಿದ್ದ ಜಾಗ. ಶನಿವಾರಗಳಲ್ಲಿ ನಮ್ಮಂಥ ಯಾರು ಬೇಕಾದರೂ ಹೋಗಿ ಅಗೆಯುವುದಕ್ಕೆ ಕೈಜೋಡಿಸಬಹುದಿತ್ತು. ನನ್ನ ಗುಂಡಿಯನ್ನು ನೋಡಿಕೊಳ್ಳುತ್ತಿದ್ದವರು ಪ್ರಮೀಳಾ ಎಂಬ ಸಂಶೋಧಕಿ, ಮಂಜೇಶ್ವರದವರು. ನಾನು ಕನ್ನಡದವಳೆಂದು ತಿಳಿದ ಗಳಿಗೆಯಿಂದ "ಅಕ್ಕ" ಎಂದರು, ಆದರೆ ಶಿಸ್ತಿನಲ್ಲಿ ಒಂದಿಷ್ಟೂ ಸಡಿಲ ಬಿಡಲಿಲ್ಲ. ಗಾರೆಯವರ ಕರಣೆಯಲ್ಲಿ ಮಣ್ಣನ್ನು ಮೆಲ್ಲಗೆ ಕೆರೆಯಬೇಕು, ಚೂರು ಕಂಡರೆ ಎತ್ತಬಾರದು, ಅವರನ್ನು ಕರೆಯಬೇಕು. ಎರಡು ಗುಂಡಿಗಳ ನಡುವೆ ಒಂದೆರಡು ಮೊಳ ದಪ್ಪದ ಮಣ್ಣಿನ ಗೋಡೆಯನ್ನು ಅಗೆಯದೆ ಬಿಟ್ಟಿದ್ದರು. ಅದನ್ನು ಮುಟ್ಟಿದರೆ ಆ ಕ್ಷಣವೇ ಮನೆಗೆ ಕಳಿಸುತ್ತೇನೆ ಎಂದು ಮೊದಲ ದಿನವೇ ಹೇಳಿದ್ದರು.

ಎರಡನೆಯ ಶನಿವಾರ ಎಲ್ಲರೂ ಚಹಾಕ್ಕೆ ಮೇಲೆ ಹೋದರು. ಒಂದು ಮಡಕೆಯ ಅಂಚು ಅರ್ಧ ಬಿಡಿಸಿಕೊಂಡಿತ್ತೆಂದು ನಾನು ಉಳಿದೆ. ಮಂಡಿಯೂರಿದ್ದೆ, ಬಲಗಡೆಗೆ ಆ ಗೋಡೆ. ಆಗ ಯಾರೋ ಏನನ್ನೋ ತಟ್ಟುವ ಸದ್ದು ಕೇಳಿತು. ಮೂರು ಏಟು, ಸ್ವಲ್ಪ ಬಿಡುವು, ಮತ್ತೆ ಮೂರು. ಒದ್ದೆ ವಸ್ತುವಿನ ಮೇಲೆ ಮರದ ತುಂಡು ಬಿದ್ದ ಹಾಗೆ.

ಮೇಲೆ ಯಾರೋ ಕೆಲಸ ಮಾಡುತ್ತಿದ್ದಾರೆ ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತಲೇ ಏನೋ ಸರಿಯಿಲ್ಲ ಅನ್ನಿಸಿತು. ಮಣ್ಣುಗೈಯಲ್ಲೇ ಎಡಗಿವಿಯನ್ನು ಗಟ್ಟಿಯಾಗಿ ಮುಚ್ಚಿದೆ. ಕಾಗೆ ನಿಂತಿತು, ನೀರಿನ ಪಂಪು ನಿಂತಿತು, ಮೇಲಿನವರ ಮಾತು ನಿಂತಿತು. ತಟ್ಟುವ ಸದ್ದೊಂದೇ ಉಳಿಯಿತು.

ತಲೆ ಗೋಡೆಯ ಕಡೆ ತಿರುಗಿಸಿದೆ, ಸದ್ದು ಎದುರಿಗೆ ಬಂತು. ಈ ಕಡೆ ತಿರುಗಿಸಿದೆ, ಬೆನ್ನ ಹಿಂದೆ ಹೋಯಿತು. ಎರಡು ಕಿವಿ ಇರುವ ನಿಮಗೆ ಇದರಲ್ಲೇನಿದೆ ಅನ್ನಿಸಬಹುದು. ನನಗೆ ಮೈಯೆಲ್ಲ ಜುಮ್ಮೆಂದಿತು. ಅಯ್ಯೋ ದೇವರೇ, ದಿಕ್ಕು ಅಂದರೆ ಇದೇನಾ! ಎಲ್ಲರೂ ದಿನವಿಡೀ ಇಷ್ಟು ದೊಡ್ಡ ಲೋಕದೊಳಗೆ ಓಡಾಡುತ್ತಾರಾ! ಭಯ ಆಗಲೇ ಇಲ್ಲ ಎಂದರೆ ನಂಬಿ. ಕಣ್ಣಲ್ಲಿ ನೀರು ಬಂತು, ಅಷ್ಟೆ. ಚಹಾಕ್ಕೆ ಹೋದವರು ಇಳಿದು ಬರುವಾಗ ಅದು ನಿಂತುಹೋಯಿತು.

ಪ್ರಮೀಳಾ ಹತ್ತಿರ ಬಂದಾಗ ನನ್ನ ಬಾಯಲ್ಲಿ ಅಚ್ಚ ಧಾರವಾಡ ಬಂದಿತು: "ಈ ಗ್ವಾಡ್ಯಾಗ ಯಾರೋ ಏನೋ ಬಡೀಲಿಕ್ಕತ್ತಾರ್ರಿ. ನನ್ನ ಬಲಗಿವಿಗೆ ಕೇಳ್ತು." ಆ ಕಿವಿಯ ಕಥೆ ಅವರಿಗೆ ಗೊತ್ತಿತ್ತು. ನಗಲಿಲ್ಲ. ಗೋಡೆಗೆ ಕಿವಿಯಿಟ್ಟು ಸ್ವಲ್ಪ ಹೊತ್ತು ನಿಂತರು. ಎಲ್ಲಿ ಎಂದು ಕೇಳಿದರು, ಬೆರಳಿಟ್ಟು ತೋರಿಸಿದೆ. ಅಳತೆ ತೆಗೆದುಕೊಂಡು ತಮ್ಮ ಪುಸ್ತಕದಲ್ಲಿ ಏನೋ ಬರೆದರು. ನನ್ನ ಸಮಾಧಾನಕ್ಕೆ ಮಾಡುತ್ತಿದ್ದಾರೆ ಎಂದುಕೊಂಡೆ.

ಮಂಗಳವಾರ ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ಇಳಿದು ಸೀದಾ ವೈದ್ಯರಲ್ಲಿಗೆ ಹೋದೆ. ಪರೀಕ್ಷೆಯ ಗಾಜಿನ ಕೋಣೆಯಲ್ಲಿ ಬಲಗಿವಿಯ ಸರದಿ ಬಂದಾಗ ಉಸಿರು ಬಿಗಿಹಿಡಿದು ಕೂತೆ. ಏನೂ ಇಲ್ಲ. ಮೂವತ್ತೈದು ವರ್ಷಗಳಿಂದ ಇದ್ದ ಹಾಗೇ ಕಲ್ಲು. ಎಡಗಿವಿ ಇನ್ನಷ್ಟು ಇಳಿದಿತ್ತು. ನಡೆದದ್ದನ್ನು ಹೇಳಿದೆ. ವೈದ್ಯರು ಸೌಜನ್ಯದಿಂದಲೇ ಕೇಳಿ, ಸತ್ತ ನರ ಕೇಳಿಸಿಕೊಳ್ಳುವುದಿಲ್ಲ, ಮಿದುಳು ಕೆಲವೊಮ್ಮೆ ತಾನೇ ಸದ್ದು ಹುಟ್ಟಿಸಿಕೊಳ್ಳುತ್ತದೆ ಎಂದರು. ಇರಬಹುದು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಕೊನೆಯ ಶನಿವಾರ ಊರವರಿಗೆಲ್ಲ ಜಾಗ ತೋರಿಸುವ ದಿನ. ಅಂದು ಕುಂಬಾರರ ಅಜ್ಜಿಯೊಬ್ಬರನ್ನೂ ಕರೆಸಿದ್ದರು. ನಾನು ಬುಟ್ಟಿ ಹೊತ್ತು ಬರುತ್ತಿದ್ದವಳು ಅಲ್ಲೇ ನಿಂತೆ. ಮೂರು ಏಟು, ಬಿಡುವು, ಮತ್ತೆ ಮೂರು. ಯಾವ ಕಡೆಯಿಂದ ಎಂದು ತಿಳಿಯದೆ ಸುತ್ತಲೂ ನೋಡಿದೆ, ಯಾಕೆಂದರೆ ಈ ಸಲ ಕೇಳಿದ್ದು ಎಡಗಿವಿ. ಅಜ್ಜಿ ಹಸಿ ಮಡಕೆಯ ಒಳಗೆ ಒಂದು ಗುಂಡುಕಲ್ಲು ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಿದ್ದರು. ಮೂರು ಸಲ ತಟ್ಟಿ ಮಡಕೆಯನ್ನು ಸ್ವಲ್ಪ ತಿರುಗಿಸುವರು. ಆ ಬಿಡುವು ತಿರುಗಿಸುವುದಕ್ಕೆ.

ಚಿಕ್ಕಂದಿನಲ್ಲಿ, ಎರಡೂ ಕಿವಿ ಇದ್ದಾಗ, ಧಾರವಾಡದ ಯಾವುದೋ ಓಣಿಯಲ್ಲಿ ನಾನಿದನ್ನು ಕೇಳಿದ್ದಿರಬಹುದು. ನನಗೆ ನೆನಪಿಲ್ಲ. ಆಗ ಅದನ್ನೆಲ್ಲ ಯೋಚಿಸುವ ಸ್ಥಿತಿಯಲ್ಲೂ ಇರಲಿಲ್ಲ. ಪ್ರಮೀಳಾರ ಕೈ ಹಿಡಿದುಕೊಂಡೆ.

"ಆ ಗ್ವಾಡಿ ಒಂದ್ ಗೇಣು ಅಷ್ಟ ಕೆದರ್ರಿ. ನಾಳೆ ನನಗ ಏನೂ ಕೇಳಸ್ತದೋ ಇಲ್ಲೋ. ಅಲ್ಲಿ ಏನೈತಿ ಅಂತ ಕಣ್ಣಿಂದರ ನೋಡ್ತೀನಿ."

"ಆಗುದಿಲ್ಲ ಅಕ್ಕ," ಎಂದರು. "ನಾವೇ ಎಲ್ಲ ಅಗೆದು ಮುಗಿಸಿದ್ರೆ ಮುಂದೆ ಬರುವವ್ರಿಗೆ ಎಂತ ಉಳೀತದೆ? ಅದಕ್ಕೇ ಈ ಗೋಡೆ ಬಿಡುದು. ಅವರ ಹತ್ರ ನಮಗಿಂತ ಒಳ್ಳೆ ಕಣ್ಣು, ಒಳ್ಳೆ ಕಿವಿ ಇರ್ತದೆ." ಹೇಳಿ ನಾಲಿಗೆ ಕಚ್ಚಿಕೊಂಡರು.

ಆಮೇಲೆ ಚೀಲದಿಂದ ಆ ಪುಸ್ತಕ ತೆಗೆದು, ಎರಡನೆಯ ಶನಿವಾರದ ಪುಟವನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದರು. ಉತ್ತರದ ಗೋಡೆಯಲ್ಲಿ, ಇಂತಿಷ್ಟು ಆಳದಲ್ಲಿ, ಒಬ್ಬರಿಗೆ ತಟ್ಟುವ ಸದ್ದು ಕೇಳಿತು, ಬಲಗಿವಿಗೆ. ಬರೆಯುತ್ತಿರುವ ನನಗೆ ಕೇಳಲಿಲ್ಲ. ಇಷ್ಟೇ. ಮಡಕೆ ಚೂರು, ಇದ್ದಿಲು, ಎಲುಬು ಇವುಗಳ ಸಾಲಿನಲ್ಲೇ ಅದೂ ಒಂದು ಸಾಲಾಗಿತ್ತು. ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ಬರೆಯುವುದು ತಮ್ಮ ಕೆಲಸ, ಯಾಕೆ ಏನು ಎಂಬುದು ಆಮೇಲೆ ಎಂದರು. ಸಂಜೆ ಗುಂಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮರಳು ತುಂಬಿ ಮುಚ್ಚಿದೆವು. ನಾನೂ ನಾಲ್ಕು ಬುಟ್ಟಿ ಹಾಕಿದೆ.

ಇದಾಗಿ ವರ್ಷಗಳಾದವು. ಎಡಗಿವಿಗೆ ಈಗ ಯಂತ್ರವಿದೆ. ಅದೂ ಎಷ್ಟು ದಿನವೋ ಗೊತ್ತಿಲ್ಲ. ಅಂದು ಕೇಳಿದ್ದೇನು, ಕೇಳಿಸಿಕೊಂಡದ್ದು ಕಿವಿಯೋ ಮಿದುಳೋ, ನನಗೆ ಇಂದಿಗೂ ಬಗೆಹರಿದಿಲ್ಲ. ಪ್ರಮೀಳಾ ಬರೆದ ಹಾಗೆ ನಾನೂ ಬರೆದಿಟ್ಟಿದ್ದೇನೆ. ಮಗಳು ದೊಡ್ಡವಳಾದರೂ ಆಟ ಬಿಟ್ಟಿಲ್ಲ. ಅವಳು "ಇವಿಡೆ" ಎಂದಾಗ ನಾನು ಕೂಡಲೇ ತಿರುಗುವುದಿಲ್ಲ. ಎಡಗಿವಿಯನ್ನು ಕೈಯಿಂದ ಮುಚ್ಚಿ ಒಂದು ಗಳಿಗೆ ಕಾಯುತ್ತೇನೆ. ಏನೂ ಕೇಳುವುದಿಲ್ಲ. ಆಮೇಲೆ ಕೈ ತೆಗೆದು, ಎಂದಿನಂತೆ ತಪ್ಪು ಕಡೆ ತಿರುಗುತ್ತೇನೆ.